ಗೆರೆಯಣ್ಣನ ಕತ್ತಿನ ಗಂಟು

ಆ ಬೆಳಿಗ್ಗೆಯೂ ಗೆರೆಯಣ್ಣ ಕತ್ತು ಕೆರೆದುಕೊಳ್ಳುತ್ತಲೇ ಎದ್ದ. ಕಿವಿಯ ಕೆಳಗಿನಿಂದ ಭುಜದ ತನಕ ಏಡಿಯ ಕಾಲಿನ ಹಾಗೆ ಹಬ್ಬಿದ ಕೆಂಪು ಗಂಟು. ಬಟ್ಟೆ ತಾಗಿದರೂ ಉರಿ. ಅದಕ್ಕೇ ಹೆಂಡತಿ ಅವನ ಅಂಗಿಗಳ ಕಾಲರನ್ನೆಲ್ಲ ಬಿಚ್ಚಿ ಹಾಕಿದ್ದಳು.

"ಊರಿನವರ ಕಾಲರಿಗೆಲ್ಲ ಇಸ್ತ್ರಿ ಹಾಕಿದೋನು ನಾನು. ನನಗೇ ಕಾಲರಿಲ್ಲ ನೋಡು."

"ನಕ್ಕಿದ್ದು ಸಾಕು, ಹೊರಡಿ. ಧಣಿ ಬಾಯಿಗೆ ಬೀಳ್ತೀರ."

ಅವನು ಹೊರಟ. ಅವಳು ಪಾತ್ರೆ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ.

ಗೆರೆಯಣ್ಣ ಎಂಬುದು ಲಾಂಡ್ರಿಯವರಿಟ್ಟ ಹೆಸರು. ಅವನು ಕೂರಿಸಿದ ಪ್ಯಾಂಟಿನ ಗೆರೆ ದಿನವಿಡೀ ಕೂತೆದ್ದರೂ ಅಳಿಸುತ್ತಿರಲಿಲ್ಲ. ಅಂಗಡಿಯ ಮುಂದಿನ ಮೇಜು ಅವನದು. ಗಿರಾಕಿಗಳು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಒಂದು ದಿನ ಉಗಿ ಇಸ್ತ್ರಿಯ ಕೊಳವೆ ಕಳಚಿ ಕತ್ತು ಸುಟ್ಟಿತು. ಗಾಯವೇನೋ ಮಾಯಿತು. ಮಾದ ಮೇಲೆ ಅದರ ಕಲೆ ಗಂಟಾಗಿ ಬೆಳೆಯತೊಡಗಿತು.

ಅದೇ ಗಿರಾಕಿಗಳು ಈಗ ಮೂಗು ಮುರಿದರು. ಧಣಿ ತನ್ನ ಪರಿಚಯದ ಡಾಕ್ಟರಿಂದ ಗಂಟನ್ನು ಕತ್ತರಿಸಿ ಹಾಕಿಸಿದ. ಅದು ಮತ್ತೆ ಬಂತು, ಮೊದಲಿಗಿಂತ ದಪ್ಪಗೆ.

ಆಗ ಗಂಡ ಹೆಂಡತಿ ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದರು.

"ಬರೀ ಕತ್ತರಿಸಿ ಬಿಟ್ರಾ?" ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಗಾಯ ಆದಾಗ ಮೈ ಒಂದು ರಸದ ಮೂಲಕ ಕೂಗು ಹಾಕುತ್ತೆ, ಬನ್ನಿ, ಮುಚ್ಚಿ ಅಂತ. ಬೆಳವಣಿಗೆಯ ರಸ ಅದು. ಚರ್ಮದೊಳಗೆ ಫೈಬ್ರೊಬ್ಲಾಸ್ಟ್ ಅಂತ ಕಣಗಳಿವೆ. ಆ ಕೂಗು ಕೇಳಿ ಅವು ನಾರು ನೇಯ್ತಾವೆ. ಗಾಯ ಮುಚ್ಚಿದ್ಮೇಲೆ ಕೂಗು ನಿಲ್ಲಬೇಕು. ನಿಮಗೆ ನಿಲ್ಲಲ್ಲ, ಅವು ನೇಯ್ತಾನೇ ಇರ್ತವೆ. ಕತ್ತರಿಸಿದ್ರೆ ಇನ್ನೊಂದು ಗಾಯ, ಇನ್ನೊಂದು ಕೂಗು. ಅಂಟುರೋಗ ಅಲ್ಲ ಇದು."

"ನಮ್ಮ ಧಣಿ ಥರಾನೇ ಬಿಡಿ. ಕೆಲಸ ಮುಗಿದ್ರೂ ಮನೆಗೆ ಕಳಿಸಲ್ಲ," ಎಂದ ಗೆರೆಯಣ್ಣ.

ಆ ಮಾತನ್ನೆಲ್ಲ ಹೆಂಡತಿ ಬಾಯಿಪಾಠ ಮಾಡಿಕೊಂಡು ಹೋಗಿ ಧಣಿಗೆ ಒಪ್ಪಿಸಿದಳು. ಗಂಡನನ್ನು ಮುಂದಿನ ಮೇಜಿನಿಂದ ಎಬ್ಬಿಸಬೇಡಿ ಎಂದಳು.

"ಅಂಟಲ್ಲ ಅಂತ ನನಗೆ ಗೊತ್ತಮ್ಮ. ಗಿರಾಕಿಗೆ ಗೊತ್ತಾ? ಹಿಂದುಗಡೆ ಬಾಯ್ಲರ್ ನೋಡ್ಕೊಳ್ಳಲಿ. ಅಲ್ಲಿ ಯಾರ ಕಣ್ಣಿಗೂ ಬೀಳಲ್ಲ."

ಗೊತ್ತಿತ್ತಂತೆ. ಗೊತ್ತಿದ್ದೂ ಕಳಿಸಿದ.

ಬಾಯ್ಲರಿನ ಕೆಲಸವನ್ನು ಯಾರೂ ಅವನಿಗೆ ಕಲಿಸಲಿಲ್ಲ. ಅವನು ಇಸ್ತ್ರಿಯವನು. ಇಸ್ತ್ರಿಯ ಕೊಳವೆ ಬುಸ್ ಎಂದರೆ ಒದ್ದೆ ಬಟ್ಟೆ ಸುತ್ತಿ ಒತ್ತಿ ಹಿಡಿಯುವುದು ಆ ಕೆಲಸದವರ ರೂಢಿ. ಕಾಲರಿಲ್ಲದ ಅಂಗಿ ತೊಟ್ಟು ಹೋದ ಆ ದಿನ ಬಾಯ್ಲರಿನ ಕೊಳವೆ ಬುಸ್ ಎಂದಿತು. ಅವನು ಒದ್ದೆ ಬಟ್ಟೆ ಸುತ್ತಿ ಒತ್ತಿ ಹಿಡಿದ. ಬಾಯ್ಲರಿನವನಾಗಿದ್ದರೆ ಓಡುತ್ತಿದ್ದ. ಕೊಳವೆ ಸಿಡಿಯಿತು. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಜೀವ ಹೋಗಿತ್ತು.

ಧಣಿ ಮನೆಗೆ ಬಂದ. "ಅವನೇ ಕೈ ಹಾಕಿದ್ದಮ್ಮ. ಓಡಬೇಕಿತ್ತು."

"ಓಡೋದನ್ನ ಯಾರು ಕಲಿಸಿದ್ರಿ ಅವರಿಗೆ? ಬಚ್ಚಿಟ್ಕೊಳ್ಳೋದನ್ನ ಕಲಿಸಿದ್ರಿ. ಏಳಿ ಮೇಲೆ."

ಅವನು ಚಪ್ಪಲಿ ಹುಡುಕುತ್ತ ಎದ್ದ.

ಮಗಳಿಗೂ ಅಪ್ಪನ ಚರ್ಮವೇ ಬಂದಿದೆ. ಕಿವಿ ಚುಚ್ಚಿಸಿದ ಜಾಗದಲ್ಲಿ ಅವಳಿಗೂ ಗಂಟು ಎದ್ದಿದೆ, ಕಡಲೆಕಾಳಿನಷ್ಟು.

"ಹೆಣ್ಣುಮಗು, ಕತ್ತರಿಸಿ ಬಿಸಾಕಿಸಿಬಿಡೇ," ಎಂದಳು ಪಕ್ಕದ ಮನೆಯ ಅತ್ತೆ.

"ಮೊದಲು ನಿಮ್ಮ ನಾಲಿಗೆ ಕತ್ತರಿಸೋಣ ಅತ್ತೆ. ಮತ್ತೆ ಬೆಳೆಯುತ್ತಾ ನೋಡೋಣ."

ಅತ್ತೆ ವಾರಗಟ್ಟಲೆ ಮಾತು ಬಿಟ್ಟಳು. ಬಿಟ್ಟರೆ ಬಿಡಲಿ.

ಡಾಕ್ಟರಮ್ಮ ಗಂಟಿಗೆ ಸೂಜಿಮದ್ದು ಹಾಕಿ, ಒತ್ತಿ ಹಿಡಿಯುವ ಒಂದು ಕ್ಲಿಪ್ಪು ಕೊಟ್ಟಿದ್ದಾರೆ. ಒತ್ತಡ ಬಿದ್ದರೆ ಆ ನೇಯುವ ಕಣಗಳು ಅಡಗುತ್ತವಂತೆ. ದಿನಾ ಬೆಳಿಗ್ಗೆ ಅವಳು ಮಗಳನ್ನು ಮುಂದೆ ಕೂರಿಸಿಕೊಂಡು ಕಿವಿ ತೊಳೆದು, ಒರೆಸಿ, ಕ್ಲಿಪ್ಪು ಹಾಕುತ್ತಾಳೆ.

"ಕೂದಲು ಇಳಿಬಿಡ್ಲಾ ಅಮ್ಮ, ಕಾಣದ ಹಾಗೆ?"

"ಬೇಡ," ಎನ್ನುತ್ತಾಳೆ ಅವಳು. ಜಡೆಯನ್ನು ಕಿವಿಯ ಮೇಲಕ್ಕೆ ಎತ್ತಿ ಬಿಗಿಯಾಗಿ ಕಟ್ಟುತ್ತಾಳೆ.