ಸ್ಪ್ಯಾನಿಷ್ ಹೋಟೆಲಿನಲ್ಲಿ ಒಂದು ನಿದ್ದೆ

ಜ್ಯೋತಿಲಕ್ಷ್ಮಿ ಮೇಡಂ ಚಾಮರಾಜಪೇಟೆಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ವರ್ಗವಾಗಿ ಬಂದಾಗ ನಾನಾಗಲೇ ಅಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರದು ಸಮಾಜ ವಿಜ್ಞಾನ. ಮನೆ ಮಾವಳ್ಳಿಯಲ್ಲಿ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದರು. ಆಗ ತವರಿಗೆ ವಾಪಸ್ಸು ಬಂದವರು ಮತ್ತೆಲ್ಲಿಗೂ ಹೋಗಲಿಲ್ಲ. ತಮ್ಮ ಶ್ರೀಧರ್ ಮದುವೆಯಾಗಿ ಮತ್ತಿಕೆರೆಯಲ್ಲಿ ಫ್ಲ್ಯಾಟ್ ಮಾಡಿಕೊಂಡು ಹೋದ. ತಾಯಿ ನಾರಾಯಣಮ್ಮ ತೀರಿಹೋದರು. ಕೊನೆಗೆ ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ಮಗಳು. ಹೀಗೇ ಇರಬೇಕೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ತೀರ್ಮಾನ ಮಾಡಬೇಕು ಎಂದೂ ಯಾರಿಗೂ ಅನ್ನಿಸಲಿಲ್ಲ.

ಅವರ ತಂದೆ ದೇವಯ್ಯ ಲಾಲ್‌ಬಾಗಿನಲ್ಲಿ ಮಾಲಿಯಾಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತರಾದವರು. ನಿವೃತ್ತಿಯ ನಂತರವೂ ಬೆಳಿಗ್ಗೆ ಎದ್ದು ತೋಟದೊಳಗೆ ಒಂದು ಸುತ್ತು ಹಾಕಿ, ಯಾವ ಗಿಡಕ್ಕೆ ನೀರು ಸಾಲದು ಎಂದು ಕಂಡಕಂಡವರಿಗೆ ಹೇಳಿ ಬರುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ತಿಂಗಳೊಪ್ಪತ್ತಿನಲ್ಲಿ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಯಿತು. ಮಾತು ಮಾತ್ರ ಹೋಗಲಿಲ್ಲ. ಹೋಗಿದ್ದರೆ ಅವರಿಗೂ ಮಗಳಿಗೂ ಹೆಚ್ಚು ಕಷ್ಟವಾಗುತ್ತಿತ್ತೋ ಕಡಿಮೆಯಾಗುತ್ತಿತ್ತೋ, ಹೇಳುವುದು ಕಷ್ಟ.

ಅಲ್ಲಿಂದ ಮೇಡಂ ಬದುಕು ಬೇರೆಯಾಯಿತು. ಬೆಳಕು ಹರಿಯುವ ಮುಂಚೆ ಎದ್ದು ಅಪ್ಪನನ್ನು ಒರೆಸಿ, ಬಟ್ಟೆ ಬದಲಾಯಿಸಿ, ರಾಗಿ ಗಂಜಿ ಕುಡಿಸಿ, ಅಡುಗೆ ಮಾಡಿಟ್ಟು ಶಾಲೆಗೆ ಓಡಿ ಬರುತ್ತಿದ್ದರು. ಹಗಲು ಹೊತ್ತು ಪಕ್ಕದ ಮನೆಯ ಗಿರಿಜಾಂಬಾ ಬಂದು ಕೂರುತ್ತಿದ್ದರು. ನೋಡಿಕೊಳ್ಳಲು ಏಜೆನ್ಸಿಯಿಂದ ಹೆಂಗಸರು ಬರುತ್ತಿದ್ದರು, ದೇವಯ್ಯನವರ ಬೈಗುಳ ತಡೆಯಲಾರದೆ ಹೋಗುತ್ತಿದ್ದರು. ರಾತ್ರಿ ಬೆನ್ನಿಗೆ ಹುಣ್ಣಾಗಬಾರದೆಂದು ಆಗಾಗ ಎದ್ದು ಮಗ್ಗುಲು ತಿರುಗಿಸಬೇಕು. ಮೇಡಂಗೆ ನಿದ್ದೆ ಅನ್ನುವುದು ಚೂರುಚೂರಾಗಿ ಸಿಗುವ ವಸ್ತುವಾಯಿತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಪೆನ್ನು ಹಿಡಿದ ಕೈ ಹಾಗೇ ನಿಂತುಬಿಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. "ಮೇಡಂ, ಸ್ವಲ್ಪ ಹೊತ್ತು ತಲೆ ಇಟ್ಕೊಳ್ಳಿ" ಅಂದರೆ, "ಇಟ್ರೆ ಏಳಲ್ಲ" ಅನ್ನುತ್ತಿದ್ದರು.

ಅಪ್ಪ ಹಾಸಿಗೆ ಹಿಡಿದ ಮೂರನೇ ವರ್ಷ ದಸರಾ ರಜೆಯಲ್ಲಿ ನಮ್ಮನ್ನೆಲ್ಲ ಸಮೀಕ್ಷೆಗೆ ಹಾಕಿದರು. ಬಿಸಿಲಲ್ಲಿ ಮನೆಮನೆ ಹತ್ತಿ ಇಳಿದು, ನಾಯಿ ಬೊಗಳಿದರೆ ಗೇಟಿನಾಚೆ ನಿಂತು, ಸಿಗದ ನೆಟ್‌ವರ್ಕಿಗೆ ಮೊಬೈಲು ಎತ್ತಿ ಹಿಡಿದು ಹದಿನೈದು ದಿನ ಅಲೆದೆವು. ಮೇಡಂ ಕಾಲು ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಅದು ಮುಗಿದ ವಾರದಲ್ಲೇ ಶ್ರೀಧರ್ ಫೋನ್ ಮಾಡಿದ.

"ಅಕ್ಕ, ಶನಿವಾರ ನಮ್ದು ವೆಡ್ಡಿಂಗ್ ಆನಿವರ್ಸರಿ. ಇಪ್ಪತ್ತೈದು ವರ್ಷ ಆಯ್ತು. ಮಗಳು ಯಾವ್ದೋ ಸ್ಪ್ಯಾನಿಷ್ ರೆಸ್ಟೋರೆಂಟ್‌ನಲ್ಲಿ ಟೇಬಲ್ ಬುಕ್ ಮಾಡಿದಾಳೆ, ಮಲ್ಲೇಶ್ವರದಲ್ಲೇ. ನೀನು ಬರ್ಲೇಬೇಕು."

"ಅಪ್ಪನ್ನ ಬಿಟ್ಟು ಹೆಂಗೋ ಬರಲಿ?"

"ಗಿರಿಜಾಂಬಾ ಆಂಟಿಗೆ ಹೇಳು. ಎರಡು ಗಂಟೆ ಅಷ್ಟೇ. ನೀನು ಹೊರಗಡೆ ಬಂದು ಎಷ್ಟು ದಿನ ಆಯ್ತು, ಹೇಳು."

ಮೇಡಂಗೆ ಆ ಶನಿವಾರ ಸಂಜೆ ಬೇಕಾಗಿದ್ದದ್ದು ಒಂದೇ. ಗಿರಿಜಾಂಬಾ ಹೇಗೂ ಎರಡು ಗಂಟೆ ಕೂರುವುದಾದರೆ ಬಾಗಿಲು ಹಾಕಿಕೊಂಡು ಮಲಗಬೇಕು. ಆದರೆ ತಮ್ಮನಿಗೆ ಹಾಗೆ ಹೇಳುವುದು ಹೇಗೆ? ಇದ್ದದ್ದರಲ್ಲಿ ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಅಪ್ಪನಿಗೆ ಊಟ ಮಾಡಿಸಿ, ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರು. ಸಂಪಿಗೆ ರಸ್ತೆ ಸ್ಟೇಷನ್ ಬಳಿ ಶ್ರೀಧರ್ ಕಾರಿನೊಂದಿಗೆ ಕಾಯುತ್ತಿದ್ದ. ಅವನು ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್. ಮುಂದಿನ ಸೀಟಿನಲ್ಲಿ ಹೆಂಡತಿ ಪುಷ್ಪಲತಾ ಇದ್ದಳು. ಅವಳದು ಎಂಟನೇ ಕ್ರಾಸಿನಲ್ಲಿ ಬ್ಲೌಸ್ ಹೊಲಿಸಿಕೊಡುವ ಅಂಗಡಿ. ಡಿಸೈನ್ ಓದುತ್ತಿದ್ದ ಮಗಳು ಲಾಸ್ಯಾ ಹಿಂದಿನ ಸೀಟಿನಲ್ಲಿ ಸರಿದು ಕೂತು ಅತ್ತೆಗೆ ಜಾಗ ಮಾಡಿಕೊಟ್ಟಳು.

ಹೋಟೆಲು ಹಳೆಯ ಬಂಗಲೆಯೊಂದರಲ್ಲಿತ್ತು. ಕೆಂಪು ನೆಲ, ಕಿಟಕಿ ಸರಳುಗಳೆಲ್ಲ ಹಾಗೇ ಇದ್ದವು. ಗೋಡೆಗೆ ಮಾತ್ರ ಕಡುನೀಲಿ ಬಣ್ಣ ಬಳಿದು, ನಡುಮನೆಯಲ್ಲಿ ಮೇಜು ಹಾಕಿ, ಪ್ರತಿ ಮೇಜಿನ ಮೇಲೂ ತಗ್ಗಿಗೆ ಒಂದೊಂದು ದೀಪ ಇಳಿಬಿಟ್ಟಿದ್ದರು. ಗೋಡೆಗುಂಟ ಉದ್ದಕ್ಕೆ ಮೆತ್ತನೆ ಬೆನ್ನಿನ ಸೋಫಾ. ಮೇಡಂ ಅದರ ಮೂಲೆಯಲ್ಲಿ ಕೂತರು. ಎಲ್ಲೋ ಮೆಲ್ಲಗೆ ಗಿಟಾರು ನುಡಿಯುತ್ತಿತ್ತು.

ಮೆನು ತಂದುಕೊಟ್ಟ ಹೆಂಗಸು ಕನ್ನಡದಲ್ಲೇ ವಿವರಿಸಿದಳು: "ಇದಕ್ಕೆ ಟಾಪಾಸ್ ಅಂತಾರೆ ಮೇಡಂ. ಚಿಕ್ಕ ಚಿಕ್ಕ ಪ್ಲೇಟ್ ಬರುತ್ತೆ. ಒಬ್ಬೊಬ್ಬರಿಗೆ ಒಂದೊಂದು ಅಂತ ಅಲ್ಲ, ಮಧ್ಯ ಇಟ್ಕೊಂಡು ಎಲ್ಲರೂ ತಿನ್ನೋದು. ರೆಡಿ ಆದಂಗೆ ಒಂದೊಂದೇ ತರ್ತೀವಿ."

"ನಿಮಗೇನು ಬೇಕು ಅತ್ತೆ?" ಲಾಸ್ಯಾ ಕೇಳಿದಳು.

ಮೇಡಂ ಮೆನು ತಿರುವಿ ನೋಡಿದರು. ಸ್ಪೇನಿನ ರಾಣಿ, ಕೊಲಂಬಸ್ಸನ ಹಡಗು ಅಂತ ವರ್ಷಾ ವರ್ಷಾ ಪಾಠ ಮಾಡಿದವರು. ಆದರೆ ಆ ಹೊತ್ತಿಗೆ ಅಕ್ಷರಗಳು ಕಣ್ಣ ಮುಂದೆ ಒಂದರೊಳಗೊಂದು ಸೇರಿಹೋಗುತ್ತಿದ್ದವು. "ನೀನೇ ಏನಾದ್ರೂ ಹೇಳಮ್ಮ. ಅಗಿಯೋದು ಜಾಸ್ತಿ ಇರಬಾರದು ಅಷ್ಟೇ" ಅಂದರು. ಪುಷ್ಪಲತಾ ನಕ್ಕಳು. ಮೇಡಂ ತಮಾಷೆಗೆ ಹೇಳಿರಲಿಲ್ಲ.

ಮೊದಲು ಟೊಮ್ಯಾಟೊ ಉಜ್ಜಿದ ಬ್ರೆಡ್ಡು ಬಂತು. ಆಮೇಲೆ ಕೆಂಪು ಖಾರ ಸುರಿದ ಆಲೂಗಡ್ಡೆ. ಅದರ ಹಿಂದೆಯೇ ಪುಟ್ಟ ಮಣ್ಣಿನ ಬಟ್ಟಲಲ್ಲಿ, ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಇನ್ನೂ ಕುದಿಯುತ್ತಿದ್ದ ಸೀಗಡಿ. ಸೀಗಡಿ ಬಾಯಿಗಿಟ್ಟುಕೊಂಡ ಮೇಡಂಗೆ ತಾಯಿ ನಾರಾಯಣಮ್ಮ ಒಣ ಸೀಗಡಿ ಹುರಿದು ಸಾರು ಮಾಡುತ್ತಿದ್ದದ್ದು ನೆನಪಾಯಿತಂತೆ. "ಚೆನ್ನಾಗಿದೆ ಕಣೋ" ಅಂದು ಬಟ್ಟಲಿನ ಎಣ್ಣೆಗೆ ಬ್ರೆಡ್ಡು ಅದ್ದಿ ತಿಂದರು. ಬಿಸಿಯಾದದ್ದನ್ನು, ಬೇರೆಯವರು ಮಾಡಿದ್ದನ್ನು, ಕೂತಲ್ಲಿಗೆ ತಂದಿಟ್ಟದ್ದನ್ನು ತಿಂದು ಅವರಿಗೆ ಬಹಳ ಕಾಲವಾಗಿತ್ತು.

ಶ್ರೀಧರ್ ಗಂಟಲು ಸರಿಮಾಡಿಕೊಂಡ. ಅವನು ಮಾತು ಶುರು ಮಾಡಿದ್ದು ತುಂಬ ದೂರದಿಂದ. ಅಪ್ಪನ ಬಿ.ಪಿ. ಬಗ್ಗೆ ಕೇಳಿದ. ಏಜೆನ್ಸಿಯವರು ಯಾರೂ ನಿಲ್ಲುತ್ತಿಲ್ಲ ಅಂದ. ಗಿರಿಜಾಂಬಾಗೂ ವಯಸ್ಸಾಯಿತು ಅಂದ. ಅವನ ಆಫೀಸಿನಲ್ಲಿ ಯಾರೋ ಒಬ್ಬರು ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಎಷ್ಟು ಆರಾಮಾಗಿದ್ದಾರೆ ಎಂದು ವಿವರಿಸಿದ.

"ನಾನು ಹೇಳೋದು ಏನಂದ್ರೆ ಅಕ್ಕ, ನಿಂಗೂ ಎಷ್ಟು ದಿನ ಅಂತ ಈ ಓಡಾಟ? ವಿ.ಆರ್.ಎಸ್. ತಗೊಂಡ್ಬಿಟ್ರೆ ಮನೇಲೇ ಇರಬಹುದು. ಅಪ್ಪನ್ನ ನೋಡ್ಕೊಂಡಂಗೂ ಆಗುತ್ತೆ, ನಿಂಗೂ ರೆಸ್ಟ್ ಸಿಗುತ್ತೆ. ಪೆನ್ಷನ್ ಬಂದೇ ಬರುತ್ತೆ. ಕಡಿಮೆ ಬಿದ್ರೆ ನಾನಿದೀನಿ. ಏನಂತೀಯ?"

ಅಕ್ಕ ಏನೂ ಅನ್ನಲಿಲ್ಲ. ಯೋಚನೆ ಮಾಡುತ್ತಿರಬೇಕು ಅಂದುಕೊಂಡು ಅವನು ತಟ್ಟೆ ನೋಡುತ್ತ ಇನ್ನಷ್ಟು ಹೇಳಿದ. ಕೊನೆಗೆ ಲಾಸ್ಯಾ ಅವನ ಕೈ ಮುಟ್ಟಿದಳು.

"ಅಪ್ಪ, ಅತ್ತೆ ಮಲಗಿದಾರೆ."

ಮೇಡಂ ತಲೆ ಗೋಡೆಯ ಕಡೆ ವಾಲಿತ್ತು. ಅರ್ಧ ತಿಂದ ಬ್ರೆಡ್ಡು ಕೈಯಲ್ಲೇ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ಶ್ರೀಧರ್ ಗಾಬರಿಯಾಗಿ, "ಅಕ್ಕ, ಅಕ್ಕ" ಎಂದು ಎದ್ದ. ಪುಷ್ಪಲತಾ ಅವನನ್ನು ಕೂರಿಸಿದಳು. ಮೇಡಂ ಕೈಯಿಂದ ಬ್ರೆಡ್ಡು ತೆಗೆದು ತಟ್ಟೆಗಿಟ್ಟು, ಬೆರಳಿನ ಎಣ್ಣೆ ಒರೆಸಿ, ಸೆರಗು ಸರಿಮಾಡಿದಳು. "ಸುಮ್ನಿರಿ. ನಿದ್ದೆ ಅದು" ಅಂದಳು.

ಆಮೇಲೂ ಒಂದೊಂದೇ ತಟ್ಟೆ ಬರುತ್ತಲೇ ಇತ್ತು. ಮೊಟ್ಟೆ ಆಲೂಗಡ್ಡೆಯ ದಪ್ಪ ಆಮ್ಲೆಟ್ಟು, ಕರಿದ ಉಂಡೆಗಳು, ಆಲಿವ್ ಕಾಯಿ. ಮೂವರೂ ಚಮಚದ ಸದ್ದಾಗದಂತೆ ತಿಂದರು. ಮೆನು ತಂದಿದ್ದ ಹೆಂಗಸು ಮೇಜಿನ ಮೇಲಿನ ದೀಪದ ಬೆಳಕು ತಗ್ಗಿಸಿ ಹೋದಳು. ಎಂಟೂವರೆಗೆ ಆ ಮೇಜನ್ನು ಬೇರೆಯವರು ಕಾದಿರಿಸಿದ್ದರು. ಮ್ಯಾನೇಜರ್ ಬಂದು ನೋಡಿ, ಹೊಸಬರನ್ನು ವರಾಂಡದಲ್ಲಿ ಕೂರಿಸುತ್ತೇನೆ, ನೀವು ಎಬ್ಬಿಸಬೇಡಿ ಅಂದರು. ಲಾಸ್ಯಾ ಹೊರಗೆ ಹೋಗಿ ಗಿರಿಜಾಂಬಾಗೆ ಫೋನ್ ಮಾಡಿ ಬರುವುದು ತಡವಾಗುತ್ತದೆ ಎಂದು ತಿಳಿಸಿದಳು.

ವಾಪಸ್ಸು ಬಂದು ಕೂತು ಅಪ್ಪನನ್ನೇ ನೋಡಿದಳು. "ಇದಕ್ಕೇನಪ್ಪ ಅತ್ತೆನ ಕರ್ಕೊಂಡು ಬಂದಿದ್ದು? ನಂಗೆ ಪಾರ್ಟಿ ಅಂತ ಹೇಳಿದ್ರಿ."

"ಅವಳ ಒಳ್ಳೇದಕ್ಕೇ ಕಣೆ ಹೇಳ್ತಿರೋದು."

"ಅತ್ತೆ ಮುಖ ನೋಡಿ ಒಂದ್ಸಲ."

ಶ್ರೀಧರ್ ನೋಡಿದ. ಇದನ್ನು ಲಾಸ್ಯಾ ಆಮೇಲೆ, ಮೇಡಂ ಮನೆಯಲ್ಲಿ ಸಿಕ್ಕಾಗ, ನನಗೆ ಹೇಳಿದ್ದು. ಅಪ್ಪ ಅಷ್ಟು ಹೊತ್ತು ಯಾರ ಮುಖವನ್ನೂ ನೋಡಿದ್ದು ತಾನು ಕಂಡಿಲ್ಲ ಅಂದಳು. ಅವನು ಮತ್ತೆ ಏನೂ ತಿನ್ನಲಿಲ್ಲ.

ಒಂದು ಗಂಟೆಯ ಮೇಲಾಗಿರಬೇಕು, ಮೇಡಂಗೆ ತಾನಾಗಿಯೇ ಎಚ್ಚರವಾಯಿತು. ಎದ್ದವರೇ ಮೊದಲು ಕೇಳಿದ್ದು, "ಅಪ್ಪ ಕರೆದ್ರಾ?" ಅಂತ. ಆಮೇಲೆ ನೀಲಿ ಗೋಡೆ, ದೀಪ, ಎದುರಿಗೆ ಕೂತ ಮೂವರು ಕಂಡರು. ನಾಚಿಕೆಯಾಗಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಛೆ, ನಿಮ್ಮ ಹಬ್ಬದ ದಿನ ನಾನು ಹಿಂಗೆ ಮಾಡ್ದೆ."

"ಗಿರಿಜಾಂಬಾ ಆಂಟಿಗೆ ಹೇಳಿದೀನಿ ಅತ್ತೆ. ತಾತಂಗೆ ಮಾತ್ರೆ ಕೊಟ್ಟಾಯ್ತಂತೆ. ಅರ್ಜೆಂಟೇನಿಲ್ಲ."

ಮೇಡಂ ನೀರು ಕುಡಿದು ತಮ್ಮನ ಕಡೆ ತಿರುಗಿದರು. "ನೀನು ಏನೋ ಹೇಳ್ತಿದ್ದೆ ಕಣೋ. ವಿ.ಆರ್.ಎಸ್. ಅಂದಿದ್ದು ಕೇಳಿಸ್ತು. ಅಲ್ಲಿಂದ ಮುಂದಕ್ಕೆ ಗೊತ್ತಾಗ್ಲಿಲ್ಲ."

"ಈಗ ಬೇಡ ಬಿಡಕ್ಕ."

"ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ನಂಗೆ ಹೇಳೋಕೂ ಶಕ್ತಿ ಇರಲ್ಲ. ಕೆಲಸ ಬಿಡೋಕಾಗಲ್ಲ ಶ್ರೀಧರ. ಸ್ಕೂಲಿಗೆ ಹೋದಾಗ್ಲೇ ನಾನು ಕುರ್ಚಿ ಮೇಲೆ ಕೂರೋದು. ಅದನ್ನೂ ಬಿಟ್ರೆ ನಾನು ಅಪ್ಪನ ಮಂಚದ ಪಕ್ಕದಲ್ಲೇ ಬಿದ್ದು ಹೋಗ್ತೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲೂ ಸುಸ್ತಾಗಿತ್ತು. "ಅಪ್ಪನ್ನ ಸ್ವಲ್ಪ ದಿನ ನೀನು ಕರ್ಕೊಂಡು ಹೋಗು."

ಶ್ರೀಧರ್ ಹೆಂಡತಿಯ ಮುಖ ನೋಡಿದ. ಇಂಥ ಮಾತು ಬಂದಾಗ ಗಂಡಂದಿರೆಲ್ಲ ಹಾಗೇ ನೋಡುತ್ತಾರೆ, ಪುಷ್ಪಲತಾಗೆ ಅದು ಗೊತ್ತಿತ್ತು.

"ನನ್ನ ಯಾಕ್ರೀ ನೋಡ್ತೀರಾ?" ಅಂದಳು ಮೆಲ್ಲಗೆ. "ಮಾವನವರು ಬರಲಿ, ನಾನು ಬೇಡ ಅನ್ನಲ್ಲ. ಆದ್ರೆ ಅಂಗಡಿ ಬಿಡಲ್ಲ. ಅಡುಗೆ ನಂದು. ಸ್ನಾನ, ಬಟ್ಟೆ, ರಾತ್ರಿ ಏಳೋದು ನಿಮ್ದು. ನಿಮ್ಮಪ್ಪ ತಾನೆ."

ಮೇಜಿನ ಮೇಲಿದ್ದದ್ದೆಲ್ಲ ತಣ್ಣಗಾಗಿತ್ತು. ಲಾಸ್ಯಾ ಅತ್ತೆಗಾಗಿ ಇನ್ನೊಂದು ಬಟ್ಟಲು ಸೀಗಡಿ ಹೇಳಿದಳು. ಶ್ರೀಧರ್ ಮುಂದಿದ್ದ ತಟ್ಟೆ ಪಕ್ಕಕ್ಕೆ ಸರಿಸಿ, "ಹೆಂಗೆ ತಿರುಗಿಸ್ಬೇಕು ಅಂತ ನಂಗೆ ಗೊತ್ತಿಲ್ವಲ್ಲಕ್ಕ" ಅಂದ. "ನಂಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ತೋರಿಸ್ತೀನಿ ಬಾ" ಅಂದರು ಮೇಡಂ.

ಮುಂದಿನ ಭಾನುವಾರ ದೇವಯ್ಯನವರನ್ನು ಆಂಬುಲೆನ್ಸಿನಲ್ಲಿ ಮತ್ತಿಕೆರೆಗೆ ಕರೆದುಕೊಂಡು ಹೋದರು. ಮೊದಲ ವಾರ ಶ್ರೀಧರನಿಗೆ ನರಕವೇ ಆಯಿತು. ಹಾಸಿಗೆ ಬಟ್ಟೆ ಬದಲಾಯಿಸುವಾಗ ವಾಂತಿ ಮಾಡಿಕೊಂಡ. ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡು ಆಫೀಸಿಗೆ ರಜೆ ಹಾಕಿದ. ದೇವಯ್ಯನವರಂತೂ, "ಒಂದು ಸಸಿ ಕಿತ್ತು ನೆಡೋಕೆ ಬರಲ್ಲ, ನನ್ನ ಎತ್ತುತ್ತಾನಂತೆ" ಅಂತ ಬೈಯುತ್ತಲೇ ಇದ್ದರು. ಸ್ವಲ್ಪ ದಿನದಲ್ಲಿ ಅವನ ಕೈ ಪಳಗಿತು. ಬೈಗುಳ ಕಡಿಮೆಯಾಗಲಿಲ್ಲ.

ಇತ್ತ ಮೇಡಂಗೂ ಕೂಡಲೇ ನಿದ್ದೆ ಬರಲಿಲ್ಲ. ಖಾಲಿ ಮಂಚದಿಂದ ಯಾರೋ ಕರೆದಂತಾಗಿ ಎದ್ದು ಕೂರುತ್ತಿದ್ದರು. ಮೂರು ವರ್ಷದ ಆಯಾಸ ಒಂದು ವಾರದಲ್ಲಿ ಹೋಗುತ್ತದೆ ಅಂದುಕೊಂಡಿದ್ದು ನನ್ನದೇ ದಡ್ಡತನ. ಡಿಸೆಂಬರಿನಲ್ಲೂ ಅವರು ಮೆಟ್ಟಿಲ ಮಧ್ಯೆ ನಿಂತು ಉಸಿರು ತೆಗೆದುಕೊಂಡೇ ತರಗತಿಗೆ ಹೋಗುತ್ತಿದ್ದರು.

ಸಂಕ್ರಾಂತಿ ಕಳೆಯುತ್ತಿದ್ದಂತೆ ದೇವಯ್ಯ ಹಟ ಹಿಡಿದರು. ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಬರೀ ಎದುರುಮನೆಯ ನೀರಿನ ಟ್ಯಾಂಕು ಕಾಣುತ್ತದೆ, ನನ್ನನ್ನು ಮಾವಳ್ಳಿಗೆ ಬಿಡಿ ಅಂದರು. ಅನ್ನ ಮುಟ್ಟಲಿಲ್ಲ. ವಾಪಸ್ಸು ಕರೆತರಬೇಕಾಯಿತು. ಮತ್ತೆ ಎಲ್ಲ ಮೊದಲಿನಂತೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು. ಆದರೆ ಶ್ರೀಧರ್ ಜೊತೆಯಲ್ಲಿ ಒಂದು ಬ್ಯಾಗು ತಂದಿದ್ದ. ಶುಕ್ರವಾರ ಸಂಜೆ ಆಫೀಸಿನಿಂದ ನೇರ ಮಾವಳ್ಳಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತೇನೆ, ಆ ಮೂರು ರಾತ್ರಿ ಅಪ್ಪ ನನ್ನ ಪಾಲು ಅಂದ. ಇವತ್ತಿಗೂ ಹಾಗೇ ನಡೆಸಿಕೊಂಡು ಬಂದಿದ್ದಾನೆ. ತಪ್ಪಿಸಿದ್ದು ಎರಡೇ ಸಲ.

ಆ ರಾತ್ರಿಗಳಲ್ಲಿ ಮೇಡಂ ಮನೆಯಲ್ಲಿ ಮಲಗುವುದಿಲ್ಲ, ಅಪ್ಪನ ದನಿ ಕೇಳಿದರೆ ಕಾಲು ತಾವಾಗೇ ಏಳುತ್ತವೆ ಅನ್ನುತ್ತಾರೆ. ಗಿರಿಜಾಂಬಾ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಡುತ್ತಾರೆ. ಕಳೆದ ಭಾನುವಾರ ನಾನು ಒಂದಿಷ್ಟು ಪ್ರಶ್ನೆಪತ್ರಿಕೆ ಕೊಡಲು ಅಲ್ಲಿಗೆ ಹೋಗಿದ್ದೆ. ಬಿಸಿಲೇರಿತ್ತು. ಕಾಂಪೌಂಡಿನಾಚೆ ಕ್ಷೌರ ಮಾಡುವಾಗ ಮಗ ಗಲ್ಲ ಕೊಯ್ದನೆಂದು ದೇವಯ್ಯ ಕೂಗಾಡುತ್ತಿದ್ದರು. ಮೇಡಂ ಕಣ್ಣುಜ್ಜುತ್ತ ಹೊರಗೆ ಬಂದರು, ಒಂದು ನಿಮಿಷ ನಿಂತು ಕೇಳಿಸಿಕೊಂಡರು. "ಅಲ್ಲಿಟ್ಟಿರಿ, ಸಂಜೆ ನೋಡ್ತೀನಿ" ಎಂದು ನನಗೆ ಹೇಳಿ, ಒಂದು ಲೋಟ ನೀರು ಕುಡಿದು, ಒಳಗೆ ಹೋಗಿ ಮತ್ತೆ ಮಲಗಿದರು.