ಆಂಗ್ಲೋ-ಸ್ಯಾಕ್ಸನ್ ಔತಣಕ್ಕೆ ಬಡಿಸಿದವಳು

ನಿಮ್ಮ ಅಕ್ಕ ಆಗ ನಾಲ್ಕನೇ ಕ್ಲಾಸಿನಲ್ಲಿದ್ದಳು. ನಾನು ಊರು ಬಿಟ್ಟು ಕೊಲ್ಲಿ ದೇಶಕ್ಕೆ, ಅಲ್ ನಹ್ದಾದ ನಿಮ್ಮ ಫ್ಲಾಟಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅವಳ ಶಾಲೆಯಲ್ಲಿ ಆಂಗ್ಲೋ-ಸ್ಯಾಕ್ಸನ್ನರ ಪಾಠ ನಡೆದಿತ್ತು. ಬಹಳ ಹಿಂದೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜನವಂತೆ. ಕೋಲು ಹೆಣೆದು ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಮಾಡು. ಚಿತ್ರ ನೋಡಿದರೆ ನಮ್ಮೂರ ದನದ ಹಟ್ಟಿಯ ಹಾಗೆಯೇ ಇತ್ತು. ಪಾಠದ ಕೊನೆಗೆ ಕ್ಲಾಸಿನಲ್ಲೇ ಅವರ ಥರದ ಔತಣ. ಯಾರು ರಾಜ, ಯಾರು ಸರದಾರ, ಯಾರು ರೈತ, ಯಾರು ಗುಲಾಮ ಎಂದು ಮಕ್ಕಳಿಂದ ಚೀಟಿ ಎತ್ತಿಸಿದ್ದರು. ಅಕ್ಕನಿಗೆ ಗುಲಾಮರ ಚೀಟಿ ಬಂತು.

ಆ ದಿನ ಬೆಳಿಗ್ಗೆ ಅವಳು ಸಾಕ್ಸ್ ಹಾಕಿಕೊಳ್ಳಲೇ ಇಲ್ಲ.

“ಐ ಆಮ್ ನಾಟ್ ಗೋಯಿಂಗ್. ಎಲ್ರೂ ಕೂತು ತಿನ್ತಾರೆ, ನಾನು ಮಾತ್ರ ಸರ್ವ್ ಮಾಡ್ಬೇಕು.”

ನಿಮ್ಮ ಅಪ್ಪ, ಅಮ್ಮ ಆಫೀಸಿಗೆ ಹೋಗಿಯಾಗಿತ್ತು. ಶಾಲೆಗೆ ಫೋನ್ ಮಾಡುವಷ್ಟು ಇಂಗ್ಲಿಷೂ ಧೈರ್ಯವೂ ನನ್ನಲ್ಲಿರಲಿಲ್ಲ. ಬಸ್ಸು ಬರುವ ಹೊತ್ತು. ಬಾಯಿಗೆ ಬಂದದ್ದು ಹೇಳಿದೆ.

“ಎಂತ ಮಾರಾಯ್ತಿ, ನಮ್ಮಲ್ಲಿ ಮದುವೆಗೆ ಬಡಿಸುವುದು ಯಾರು? ಮನೆಯವರೇ ಅಲ್ವಾ? ಕೂತವರು ನೆಂಟರು. ಬಡಿಸುವವರದ್ದೇ ದರ್ಬಾರು. ನೀನೂ ಹಾಗೇ ಬಡಿಸು, ಹೋಗು.”

ಹೋದಳು. ಆಮೇಲೆ ನನಗೆ ಒಂದು ಕೆಲಸವೂ ಸಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಮಕ್ಕಳು ನಕ್ಕರೋ ಏನೋ. ಹಸಿದ ಕೂಸಿಗೆ ಒಂದು ತುತ್ತಾದರೂ ಕೊಟ್ಟರೋ ಇಲ್ಲವೋ. ಕಿಟಕಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ. ಕೊನೆಗೆ ತಡೆಯದೆ ಹೊತ್ತಿಗೆ ಮುಂಚೆಯೇ ಕೆಳಗಿಳಿದೆ. “ಅಭೀ ಟೈಮ್ ಹೈ, ಮಾಜೀ, ಅಂದರ್ ಬೈಠೋ” ಎಂದ ವಾಚ್‌ಮನ್. ಒಳಗೆ ಕೂರುವುದಾದರೂ ಹೇಗೆ? ಬಿಸಿಲಲ್ಲೇ ನಿಂತೆ.

ಬಸ್ಸಿಳಿದವಳು ನಗುತ್ತಿದ್ದಳು.

“ಅಜ್ಜೀ, ಕಿಂಗ್‌ಗೆ ಸೂಪ್ ಹಾಕ್ದೆ. ಸಾಕು ಅಂದ. ಸ್ವಲ್ಪ, ಸ್ವಲ್ಪವೇ ಅಂತ ಇನ್ನೂ ಹಾಕ್ದೆ. ಬಗ್ಗಿ ಕೈ ಅಡ್ಡ ಹಿಡಿದ, ನಾನು ಬಿಡ್ಲಿಲ್ಲ. ಅವನ ಕ್ರೌನ್ ಸೂಪಲ್ಲಿ ಬಿತ್ತು!”

“ಅಯ್ಯೋ! ಮಿಸ್ ಬೈದ್ರಾ?”

“ನಕ್ರು. ಆಮೇಲೆ, ಸ್ಲೇವ್ ಯಾರಿಗೂ ಒತ್ತಾಯ ಮಾಡೋ ಹಾಗಿಲ್ಲ ಅಂದ್ರು. ನೋ ಅನ್ನೋ ಹಾಗೂ ಇಲ್ಲ, ಮನೆಗೆ ಹೋಗೋ ಹಾಗೂ ಇಲ್ಲ.”

“ನಿಂಗೆ ತಿನ್ಲಿಕ್ಕೆ ಕೊಟ್ರಾ?”

“ಲಾಸ್ಟ್‌ಗೆ. ಬ್ರೆಡ್.”

ಮೇಲೆ ಬಂದದ್ದೇ ಅನ್ನ, ಸಾರು ಬಡಿಸಿದೆ. ಗಬಗಬ ತಿನ್ನುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

“ಆ ಸ್ಲೇವ್ ಮಕ್ಳಿಗೂ ಅಜ್ಜಿ ಇರ್ತಿದ್ರಾ?”

“ಇರದೆ ಎಂತ?”

“ಅಜ್ಜಿನೂ ಸ್ಲೇವೇ ಅಲ್ವಾ? ಬೇರೆ ಮನೆಗೆ ಮಾರಿಬಿಟ್ರೆ?”

ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. “ಬೆಳಿಗ್ಗೆ ನಾನು ಹೇಳಿದ್ದು ನಮ್ಮ ಊಟದ ಮಾತು, ಮಗಾ. ಅವರದ್ದು ಹಾಗಲ್ಲ” ಎಂದೆ.

“ಗೊತ್ತು ಅಜ್ಜಿ” ಎಂದು ಅವಳು ಕೈ ತೊಳೆಯಲು ಎದ್ದಳು. ಆಟಕ್ಕೆ ಓಡಿಯೂ ಹೋದಳು. ನನಗೆ ಅಂದು ಅನ್ನ ಸೇರಲಿಲ್ಲ.