ಸವಿತಾ ಬಿಟ್ಟ ಹಾಲು

೨೦೨೩ರಲ್ಲಿ ನಾನು ಮುಂಬಯಿ ಹತ್ತಿರದ ಕಲ್ಯಾಣದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಡಯಟಿಶಿಯನ್ ಆಗಿದ್ದೆ. ರೋಗಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವ ಕೆಲಸ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಹಗಲೆಲ್ಲ ಕರಿದದ್ದು ಬಿಡಿ ಎಂದು ಉಪದೇಶಿಸಿ, ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ವಡಾಪಾವ್ ತಿನ್ನುತ್ತಿದ್ದವಳು ನಾನು. ಹದಿಹರೆಯದವರಿಗೆ ಹೇಳಲು ನನ್ನ ಬಳಿ ಐದು ಆಹಾರ ಗುಂಪುಗಳ ಪಾಠ ಸಿದ್ಧವಿತ್ತು: ಧಾನ್ಯ, ಬೇಳೆಕಾಳು, ಹಾಲು ಮತ್ತು ಮಾಂಸಾಹಾರ, ಹಣ್ಣು ತರಕಾರಿ, ಎಣ್ಣೆ ಸಕ್ಕರೆ. ಬೆಳೆಯುವ ಮೈಗೆ ಐದೂ ಬೇಕು.

ಆ ಮಳೆಗಾಲದಲ್ಲಿ ಟಿಟ್ವಾಳಾದಿಂದ ಸವಿತಾಳನ್ನು ಕರೆತಂದರು. ಹತ್ತನೆಯ ತರಗತಿಯ ಹುಡುಗಿ. ಅಂಗೈ ಅಂಗಾಲು ಜೋಮು ಹಿಡಿದಿದ್ದವು, ನಡಿಗೆ ತೂರಾಡುತ್ತಿತ್ತು. ಕಣ್ಣು ಮುಚ್ಚಿ ನಿಲ್ಲು ಎಂದರೆ ಬೀಳುತ್ತಿದ್ದಳು. ಆರು ತಿಂಗಳಿಂದ ಹೀಗೇ ಇದ್ದರೂ ಮನೆಯವರು ದೃಷ್ಟಿಯಾಗಿದೆ ಎಂದು ತಾಯಿತ ಕಟ್ಟಿಸಿದ್ದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಬಿ-೧೨ ತೊಂಬತ್ತು ಕೂಡ ಇರಲಿಲ್ಲ. ಇನ್ನೂರಕ್ಕಿಂತ ಕೆಳಗಿಳಿದರೆ ಚಿಂತೆ ಮಾಡಬೇಕಾದ ಲೆಕ್ಕವದು. ನರಗಳ ಮೇಲಿನ ಹೊದಿಕೆಯನ್ನು ಕಾಯುವ ಈ ವಿಟಮಿನ್ ಸೊಪ್ಪು, ಬೇಳೆಗಳಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮಾಂಸದಲ್ಲಿ ಮಾತ್ರ ಇರುತ್ತದೆ. ತಡವಾದರೆ ಬೆನ್ನುಹುರಿಗೇ ಪೆಟ್ಟು. ಚುಚ್ಚುಮದ್ದು ಶುರುಮಾಡಿ, ಕಾರಣ ಹುಡುಕಲು ನನ್ನನ್ನು ಕಳಿಸಿದರು.

ತಾಯಿ ನೀಲಮ್ಮ ವಿಜಯಪುರದ ಕಡೆಯವರು, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮನೆಯಲ್ಲಿ ಮೊಟ್ಟೆ, ಮಾಂಸ ತರುವ ಮಾತೇ ಇಲ್ಲ. ಉಳಿದದ್ದು ಹಾಲು.

"ಹಾಲು ತರುತ್ತೀರಾ?" ಎಂದೆ.

"ದಿನಾ ತರ್ತೀವ್ರೀ ಮೇಡಮ್. ಪಾಕೀಟ ತಪ್ಪೂದಿಲ್ಲ. ಮೊಸರೂ ಹೆಪ್ಪ ಹಾಕ್ತೀನಿ."

ಹಾಗಾದರೆ ಇದು ಹೊಟ್ಟೆಯ ರೋಗವಿರಬೇಕು, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ಡಾಕ್ಟರೂ ನಾನೂ ಎರಡು ದಿನ ಆ ದಾರಿಯಲ್ಲೇ ತಲೆ ಕೆಡಿಸಿಕೊಂಡೆವು. ಮೂರನೆಯ ದಿನ ಸಂಜೆ ವಾರ್ಡಿನಲ್ಲಿ ಚಹಾ ಹಂಚುವ ಹೊತ್ತಿಗೆ ನಾನು ಅಲ್ಲೇ ಇದ್ದೆ. ಸವಿತಾ ತನ್ನ ಲೋಟವನ್ನು ಪಕ್ಕದ ಮಂಚದ ಅಜ್ಜಿಗೆ ಕೊಟ್ಟು, ಒಣ ಪಾವನ್ನು ನೀರಿನಲ್ಲಿ ಅದ್ದಿ ತಿನ್ನತೊಡಗಿದಳು. ಚಹಾ ಬಿಟ್ಟು ನೀರಿನಲ್ಲಿ ಪಾವ್ ಅದ್ದುವ ಪ್ರಾಣಿಯನ್ನು ಈ ಲೋಕಲ್ ರೈಲಿನ ಲೈನಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

"ಯಾಕೆ ಮಗಾ, ಚಹಾ ಆಗುವುದಿಲ್ಲವಾ?" ಎಂದು ಕೇಳಿದೆ.

ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ದೂಧ್ ಹೈ ನಾ ಉಸ್ ಮೇ. ಛೋಡಾ ಹೈ ಮೈನೇ. ಪಪ್ಪಾ ಚಲೇಂಗೇ, ತಬ್ ಪೀಯೂಂಗೀ."

ಅದರಲ್ಲಿ ಹಾಲಿದೆ, ನಾನು ಬಿಟ್ಟಿದ್ದೇನೆ, ಪಪ್ಪ ನಡೆದ ಮೇಲೆ ಕುಡಿಯುತ್ತೇನೆ ಎಂದು ಅರ್ಥ. ತಂದೆ ಶರಣಪ್ಪ ಗೋದಾಮಿನಲ್ಲಿ ಹಮಾಲಿ ಮಾಡುವಾಗ ಲಾರಿಯ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಎರಡು ವರ್ಷ ದಾಟಿತ್ತು. ಅವರು ಬಿದ್ದ ವಾರವೇ ಹುಡುಗಿ ಟಿಟ್ವಾಳಾದ ಗಣಪತಿಯ ಮುಂದೆ ನಿಂತು, ತನಗೆ ಅತ್ಯಂತ ಇಷ್ಟವಾದ ಹಾಲು, ಮೊಸರು, ಮಜ್ಜಿಗೆ, ಪೇಢೆ ಎಲ್ಲವನ್ನೂ ಬಿಟ್ಟಿದ್ದಳು. ಪಾಕೀಟು ಮನೆಗೆ ಬರುತ್ತಿದ್ದದ್ದು ನಿಜ. ಅದು ತಂದೆಯ ಲೋಟಕ್ಕೆ ಹೋಗುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ನೀಲಮ್ಮನ ಮೇಲೆ ರೇಗಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು, "ನೀವು ಹಾಲು ತರ್ತೀರೇನ ಅಂತ ಕೇಳಿದ್ರಿ, ಬಿಟ್ಟಾಳೇನ ಅಂತ ಕೇಳ್ಲಿಲ್ಲ. ಹರಕಿ ಮಾತು ದವಾಖಾನ್ಯಾಗ ಆಡೂದೇನ್ರೀ?" ಎಂದರು.

ಚುಚ್ಚುಮದ್ದಿಗೇನೋ ಹರಕೆ ಅಡ್ಡಿ ಬರಲಿಲ್ಲ. ಆದರೆ ಕೂಲಿ ಬಿಟ್ಟು, ರೈಲು ಹತ್ತಿ ಇವರು ಎಷ್ಟು ದಿನ ಬಂದಾರು? ಆಮೇಲೆ ಮನೆಯ ತಟ್ಟೆಯೇ ಗತಿ. ಹಾಲಿನ ಲೋಟ ಮುಂದಿಟ್ಟರೆ ಹುಡುಗಿ ತುಟಿ ಬಿಗಿಹಿಡಿಯುತ್ತಿದ್ದಳು. ಈಗ ಕುಡಿದರೆ ಎರಡು ವರ್ಷದ ಹರಕೆ ಮಣ್ಣುಪಾಲು, ಪಪ್ಪ ಎಂದೂ ಏಳುವುದಿಲ್ಲ ಎಂಬ ಭಯ. ಅವರು ಏಳುವುದಿಲ್ಲವೆಂದು ಡಾಕ್ಟರುಗಳು ಎಂದೋ ಹೇಳಿದ್ದರು. ಅದನ್ನು ಮಗಳಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಡಿಸ್ಚಾರ್ಜ್ ಆದ ನಂತರದ ಮೊದಲ ಭಾನುವಾರ ನಾನೇ ಟಿಟ್ವಾಳಾಕ್ಕೆ ಹೋದೆ. ಸಾಲುಕೋಣೆಗಳ ಚಾಳಿನ ಒಂದೇ ಖೋಲಿ, ಗೋಡೆಗೆ ಆನಿಸಿದ ಮಂಚದಲ್ಲಿ ಶರಣಪ್ಪ. ಹರಕೆಯ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಆಮೇಲೆ ಹೆಂಡತಿಯನ್ನೂ ಪಕ್ಕದ ಖೋಲಿಯ ಹಮಾಲನನ್ನೂ ಕರೆದು, "ನನ್ನ ಹಿಡದು ಎಬ್ಬಸ್ರಿ" ಎಂದರು.

ಇಬ್ಬರೂ ಕಂಕುಳಿಗೆ ಕೈಕೊಟ್ಟು ಎತ್ತಿದರು. ಪಾದಗಳು ನೆಲಕ್ಕೆ ಉಜ್ಜಿಕೊಂಡು, ಸವಿತಾ ಕೂತಿದ್ದ ಬಾಗಿಲವರೆಗೆ ಬಂದವು. ಅವರ ಮುಖದ ಮೇಲೆ ಬೆವರು ಹರಿಯುತ್ತಿತ್ತು.

"ನಡದೀನಿ ನೋಡವ್ವ. ಇನ್ನ ಕುಡಿ."

"ಝೂಟ್ ಹೈ, ಪಪ್ಪಾ," ಎಂದು ಸವಿತಾ ಅತ್ತಳು. ಸುಳ್ಳು ಎಂದಳು.

"ಸುಳ್ಳ ಇದ್ರ ನಂದು. ಗಣಪ್ಪಗ ನಾ ಉತ್ರಾ ಕೊಡ್ತೀನಿ. ನೀ ಕುಡಿ."

ನಾನು ಮಜ್ಜಿಗೆಯ ಲೋಟ ಕೊಟ್ಟೆ, ಅವಳು ಕುಡಿದಳು. ಅಷ್ಟು ಕಷ್ಟಪಟ್ಟು ಯಾರಾದರೂ ಮಜ್ಜಿಗೆ ನುಂಗಿದ್ದನ್ನು ನಾನು ನೋಡಿಲ್ಲ. ನನಗೂ ಅಳು ತಡೆಯಲಾಗಲಿಲ್ಲ.

ಕಾಲ ಕಳೆದಂತೆ ಕೈಗಳ ಜೋಮು ಹೋಯಿತು, ರಕ್ತದಲ್ಲಿ ಬಿ-೧೨ ಏರಿತು. ಕಾಲುಗಳು ಮಾತ್ರ ಪೂರ್ತಿ ಮರಳಲಿಲ್ಲ. ಪಾದ ಎಲ್ಲಿದೆಯೆಂದು ಕಣ್ಣಿನಿಂದ ನೋಡಿಯೇ ಹೆಜ್ಜೆ ಇಡಬೇಕು. ಕತ್ತಲಾದರೆ ಹೊರಗೆ ಹೋಗುವಂತಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಇನ್ನೊಬ್ಬರ ಊಟವನ್ನು ಅರಿಯುವುದು ಸುಲಭವಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಅಂದಿನಿಂದ ಹದಿಹರೆಯದವರು ಎದುರು ಕೂತರೆ ಐದು ಗುಂಪುಗಳ ಪಾಠಕ್ಕೆ ಮೊದಲು, ಏನು ಬಿಟ್ಟಿದ್ದೀಯ, ಯಾರಿಗಾಗಿ ಬಿಟ್ಟಿದ್ದೀಯ ಎಂದು ಕೇಳುತ್ತೇನೆ. ಉಪವಾಸ, ಹರಕೆ, ತೆಳ್ಳಗಾಗುವ ಹಟ, ತಮ್ಮನಿಗೆ ಉಳಿಸುವ ಪ್ರೀತಿ, ಏನೇನೋ ಹೊರಬರುತ್ತದೆ.

ಕೊನೆಯ ತಪಾಸಣೆಗೆ ಬಂದಾಗ ಸವಿತಾ ಮೊದಲ ಬಾರಿಗೆ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು. "ಮೇಡಮ್, ಜೋಮು ಶುರು ಆದಾಗ್ಲೇ ಹಾಲು ಕುಡ್ದಿದ್ರ, ನಾ ಛಲೋ ನಡೀತಿದ್ನೇನು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೌದು ಮಗಾ, ನಡೆಯುತ್ತಿದ್ದಿ" ಎಂದೆ.

ಅವಳು ಪಾದಗಳನ್ನು ನೋಡುತ್ತಾ ಎದ್ದು ನಿಂತಳು. "ಪಪ್ಪಾಗ ಹೇಳಬ್ಯಾಡ್ರಿ," ಎಂದಳು.